ಬಂದ ನೀರು

ಪ್ರವಾಹ ನಿಯಂತ್ರಣ ಕಚೇರಿಯ ಇತಿಹಾಸದಲ್ಲೇ ಅತಿ ಗಂಭೀರವಾದ ಸಭೆ ನಡೆದದ್ದು ನದಿ ಉಕ್ಕಿದ ವರ್ಷವಲ್ಲ. ಮುನ್ಸೂಚನೆ ವಿಭಾಗದ ಚಾವಣಿಯಿಂದ ಗುಮಾಸ್ತೆಯ ಮೇಜಿನ ಪಕ್ಕ ತೊಟ್ಟು ತೊಟ್ಟಾಗಿ ನೀರು ಬೀಳತೊಡಗಿದ ವಾರ. ಒಡ್ಡಿನ ವಿಭಾಗದವರು, ನಮ್ಮದೇನಿದ್ದರೂ ಮಣ್ಣು, ಗಾರೆಯ ಗೊಡವೆ ನಮಗಿಲ್ಲ ಎಂದರು. ಕಾಲುವೆಯವರ ವಾದ ಇನ್ನೂ ಸೂಕ್ಷ್ಮ: ಹರಿಯುವ ನೀರು ನಮ್ಮದು, ಇದು ತೊಟ್ಟಿಕ್ಕುತ್ತಿದೆ. ಮುನ್ಸೂಚನೆಯವರ ಕೆಲಸ ಇನ್ನೂ ಬರದ ನೀರಿನದು. ಬಂದುಬಿಟ್ಟ ನೀರಿನ ಮುಂದೆ ಅವರು ಕೈಕಟ್ಟಿ ಕೂರಬೇಕು. ಕಟ್ಟಡ ವಿಭಾಗ ‘ನೋಡೋಣ’ ಎಂದು ಆಕಳಿಸಿತು.

“ಬಂದ ನೀರನ್ನ ಹೊರಗೆ ಹಾಕೋರು ಯಾರ್ರೀ?” ಸಾಹೇಬರು ಕನ್ನಡಕ ತೆಗೆದರು. ಎಲ್ಲರ ಕಣ್ಣೂ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಪಂಪ್ ಮೆಕ್ಯಾನಿಕ್ ಮೇಲೆ ಬಿತ್ತು.

“ನನ್ನ ಪಂಪಿಗೆ ಮೊಣಕಾಲುದ್ದ ನೀರಾದ್ರೂ ಬೇಕು ಸಾರ್.”

“ಹಾಗಾದ್ರೆ ಬಕೆಟ್ ತಗೊಂಡು ಹೋಗಪ್ಪ ಪಂಪಣ್ಣ.”

ಮೊದಮೊದಲು ಗೊಣಗುತ್ತಲೇ ಬಂದು ಬಕೆಟ್ ಖಾಲಿ ಮಾಡಿ ಹೋಗುತ್ತಿದ್ದವನು, ಬರಬರುತ್ತಾ ಕೈಯ ಗ್ರೀಸ್ ತೊಳೆದು ಬರತೊಡಗಿದ. ಆಮೇಲೆ ತಲೆಯನ್ನೂ ಬಾಚತೊಡಗಿದ. ಅವನಿಗೂ ಆ ಮೇಜಿನ ಗುಮಾಸ್ತೆ ಹೆಂಗಸಿಗೂ ವಯಸ್ಸು ಐವತ್ತರ ಹತ್ತಿರ. ಸಂಜೆ ಮನೆಗೆ ಹೋದರೆ ಬೀಗ ತಾವೇ ತೆಗೆಯಬೇಕು. ಕಚೇರಿಗೆಲ್ಲ ಅವನು ಪಂಪಣ್ಣ. ಆಕೆ ಮಾತ್ರ ಅಣ್ಣನನ್ನು ಕೈಬಿಟ್ಟು ಬರೀ ‘ಏನ್ರೀ’ ಎನ್ನುತ್ತಿದ್ದಳು. ಅದು ಅವನ ಗಮನಕ್ಕೆ ಬಂದಿತ್ತು.

“ಇವತ್ತು ಅರ್ಧಾನೇ ತುಂಬಿದೆಯಲ್ಲ ಮೇಡಂ?”

“ಏನ್ರೀ ಮಾಡೋದು, ಮಳೆ ಕಮ್ಮಿ. ನಾಳೆ ಜೋರಾಗಿ ಬರುತ್ತೆ.”

“ನಿಮ್ಮ ವಿಭಾಗ ಹೇಳಿದ್ದು ಯಾವತ್ತು ನಿಜ ಆಗಿದೆ?”

“ನೀವು ಬರ್ತೀರಿ ಅನ್ನೋದು ಒಂದಿನಾನೂ ಸುಳ್ಳಾಗಿಲ್ಲ.”

ಎಂದೂ ಏಳದ ಕಟ್ಟಡ ವಿಭಾಗ ಇದ್ದಕ್ಕಿದ್ದಂತೆ ಎದ್ದು ಕುಳಿತು, ಚಾವಣಿಗೆ ಗಾರೆ ಮೆತ್ತಿ ಸುಣ್ಣ ಬಳಿಯಿತು. ಗಾರೆಯವರು ಏಣಿ ಹೊತ್ತು ಹೋಗುವುದನ್ನು ಅವನು ಪಂಪ್ ಮನೆಯ ಕಿಟಕಿಯಿಂದ ನೋಡಿದ. ಮರುದಿನ ಬೆಳಗ್ಗೆ ಅಭ್ಯಾಸಬಲದಿಂದ ಕೈ ತೊಳೆದ, ತಲೆ ಬಾಚಿದ, ಆಮೇಲೆ ನೆನಪಾಗಿ ಸ್ಟೂಲಿನ ಮೇಲೆ ಕುಸಿದ. ಒಣಗಿದ ಕೋಣೆಯಲ್ಲಿ ಪಂಪಿನವನಿಗೆ ಏನು ಕೆಲಸ? ತುಸು ಹೊತ್ತಿನ ಮೇಲೆ, ಬಕೆಟ್ ಪಂಪ್ ಮನೆಯದು, ವಾಪಸ್ ತರಬೇಕಲ್ಲ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು ಎದ್ದ. ಅಂಗಳ ದಾಟುತ್ತ ತಲೆಯೆತ್ತಿದ. ಆಕಾಶದಲ್ಲಿ ಹುಡುಕಿದರೂ ಒಂದು ಮೋಡವಿಲ್ಲ.

ಬಕೆಟ್ ತನ್ನ ಜಾಗದಲ್ಲೇ ಇತ್ತು. ಕಂಠಮಟ್ಟ ತುಂಬಿತ್ತು.

ಅವನು ಮೇಲೆ ನೋಡಿದ. ಚಾವಣಿ ಬೆಳ್ಳಗೆ ಒಣಗಿತ್ತು. ಮೂಲೆಯ ನಲ್ಲಿಯಿಂದ ಮೇಜಿನವರೆಗೆ ನೆಲದ ಮೇಲೆ ನೀರಿನ ಹನಿಗಳ ಸಾಲು. ಆಕೆ ರವಿಕೆಯ ಒದ್ದೆ ತೋಳನ್ನು ಮೇಲಕ್ಕೆ ಮಡಚಿಕೊಂಡು, ತಲೆಯೆತ್ತದೆ, ಮನೆಗೆ ಬೆಂಕಿ ಬಿದ್ದವರ ಹಾಗೆ ಟೈಪು ಮಾಡುತ್ತಿದ್ದಳು.

“ಇದು ಎಲ್ಲಿಂದ ಬಂತು ಮೇಡಂ?”

“ನಂಗೇನ್ರೀ ಗೊತ್ತು? ಬರೋ ತನಕ ನಮ್ಮ ವಿಭಾಗ. ಬಂದ ಮೇಲೆ ನಿಮ್ಮದು.”

ಅವನು ಒಂದು ಹನಿಯೂ ತುಳುಕದಂತೆ ಬಕೆಟ್ ಎತ್ತಿಕೊಂಡ.

ಆ ಕೋಣೆ ಈಗ ಸೋರುವುದಿಲ್ಲವೆಂದು ಕಟ್ಟಡ ವಿಭಾಗ ಬರೆದುಕೊಟ್ಟಿದೆ. ಬಕೆಟ್ ದಿನವೂ ತುಂಬುತ್ತದೆ.