ಬೇರೆಯವರ ನಂಬರ್

"ನಿಮ್ಮದಲ್ಲ ಮೇಡಂ, ಬೇರೆಯವರ ನಂಬರ್ ಕೊಡಿ. ಕಳ್ಳ ಬ್ಯಾಗನ್ನೇ ಎತ್ಕೊಂಡು ಹೋದ್ರೆ ನಿಮ್ಮ ಫೋನೂ ಅದರ ಜೊತೆಗೇ ಹೋಗುತ್ತಲ್ಲ," ಎಂದ ಅಂಗಡಿಯವನು. ಕಳೆದುಹೋದರೆ ಸಿಕ್ಕವರು ತಿಳಿಸಲೆಂದು ನಂಬರ್ ಹಾಕಿ ಹೊಸ ಲ್ಯಾಪ್‌ಟಾಪಿನ ಬೆನ್ನಿಗೆ ಅಂಟಿಸಬೇಕಾದ ಲೋಹದ ಪಟ್ಟಿ, ಕೆತ್ತುವ ಯಂತ್ರದಲ್ಲಿ ಸಿದ್ಧವಾಗಿತ್ತು.

ಅನುವಾದಕಿ ತಬ್ಬಿಬ್ಬಾದಳು. ಹಳೆಯ ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳುವಾದಾಗ ಹೇಳಿಕೊಂಡು ಅಳಲೂ ಅವಳಿಗೆ ಯಾರೂ ಇರಲಿಲ್ಲ. ಕೆಲಸ ಕೊಡುವವರದು ಬರೀ ಇಮೇಲಿನ ಪರಿಚಯ. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಬಾಯಿಪಾಠವಿದ್ದದ್ದು ಅಕ್ಕನ ನಂಬರೊಂದೇ. ಅಮ್ಮನ ಕೊನೆಗಾಲದಲ್ಲಿ ಯಾರು ಎಷ್ಟು ನೋಡಿಕೊಂಡರೆಂದು ಮಾತಿಗೆ ಮಾತು ಬೆಳೆದು, ಇಬ್ಬರೂ ಮುಖ ತಿರುಗಿಸಿಕೊಂಡು ವರ್ಷಗಳೇ ಆಗಿದ್ದವು. ಬೇರೆ ದಾರಿ ಕಾಣದೆ, ಅಕ್ಕನದೆಂದು ಅದನ್ನೇ ಹೇಳಿದಳು.

"ಒಂದ್ಸಲ ಫೋನ್ ಮಾಡಿ ನೋಡ್ತೀನಿ, ಕೆತ್ತಿದ ಮೇಲೆ ಅಳಿಸಕ್ಕಾಗಲ್ಲ." ಅವಳು ಬೇಡವೆನ್ನುವಷ್ಟರಲ್ಲಿ ಅವನು ಸ್ಪೀಕರ್ ಹಾಕಿ ಕರೆ ಮಾಡಿಯೇಬಿಟ್ಟ. "ಅಮ್ಮಾ, ಲ್ಯಾಪ್‌ಟಾಪ್ ಕಳೆದುಹೋಗಿ ಸಿಕ್ಕಿದ್ರೆ ತಿಳಿಸೋಕೆ ನಿಮ್ಮ ತಂಗಿ ಈ ನಂಬರ್ ಕೊಟ್ಟಿದ್ದಾರೆ. ಹಾಕಬಹುದಾ?"

ಅನುವಾದಕಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನೆಲ ನೋಡುತ್ತ ನಿಂತಳು.

"ಹಾಕಿ," ಎಂದಳು ಅಕ್ಕ. "ಚಿಕ್ಕಂದಿನಿಂದ ಅವಳು ಕಳ್ಕೊಂಡಿದ್ದನ್ನೆಲ್ಲ ಹುಡುಕಿ ಕೊಟ್ಟಿದ್ದು ನಾನೇ."