ಕೆಂಚನ ಯಜಮಾನರು

ಹೋಟೆಲಿನ ಅಂಗಳದ ಮೇಜಿಗೆ ಬಂದು ಕೂತ ಮನುಷ್ಯ ಏನನ್ನೂ ತರಲು ಹೇಳಲಿಲ್ಲ. ಬಿಂದುಶ್ರೀಗೆ ಅಲ್ಲಿಗೇ ಅನುಮಾನ ಬಂತು. ರಿಪ್ಪನ್‌ಪೇಟೆಯಲ್ಲಿ ಬಸ್ಸಿಳಿದವನು ಮೊದಲು ಚಹಾ ಕುಡಿಯುತ್ತಾನೆ, ಆಮೇಲೆ ಮಾತಾಡುತ್ತಾನೆ. ಚಹಾ ಬೇಡವೆಂದು ತಲೆಯಾಡಿಸಿ ಸುತ್ತಮುತ್ತ ಕಣ್ಣಾಡಿಸುವವನು ಸರ್ಕಾರದವನಲ್ಲದೆ ಇನ್ಯಾರು? ಇನ್‌ಶರ್ಟ್ ಬೇರೆ ಮಾಡಿದ್ದ. ಜೇಬಿನಲ್ಲಿ ಪೆನ್ನಿತ್ತು.

ಅಧಿಕಾರಿ ಬಂದೇ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಅವಳು ಹೋಟೆಲಿನ ಅಂಗಳಕ್ಕೆ ಮೇಜು ಹಾಕಿಸಿ, ‘ಹೊರಗೆ ನಾಯಿಗಳಿಗೂ ಸ್ವಾಗತ’ ಎಂದು ಬೋರ್ಡು ಬರೆಸಿದ ಮೇಲೆ, ತೀರ್ಥಹಳ್ಳಿ ಕಡೆಯಿಂದ ಹೊನ್ನೆಮರಡಿಗೆ ಹೋಗುವ ಕಾರುಗಳೆಲ್ಲ ಅವಳಲ್ಲೇ ನಿಲ್ಲತೊಡಗಿದ್ದವು. ಕಾರಿನಿಂದ ಉಣ್ಣೆ ಉಂಡೆಯಂಥ ನಾಯಿಗಳು ಇಳಿಯುತ್ತಿದ್ದವು, ಅವುಗಳ ಹಿಂದೆ ಹಸಿದ ಸಂಸಾರಗಳು. ಪಕ್ಕದ ಬೇಕರಿಯ ಜಟ್ಟಿಂಗಪ್ಪನಿಗೆ ಇದನ್ನು ನೋಡಿ ಹೊಟ್ಟೆ ಉರಿಯಿತು. ದೂರು ಕೊಟ್ಟ. ಸಾಕಿದ ನಾಯಿ ಬಂದರೆ ಅಡ್ಡಿಯಿಲ್ಲ, ಬೀದಿನಾಯಿ ಕಂಡರೆ ಅದು ನಾಯಿ ಹಿಡಿಯುವ ವ್ಯಾನಿಗೆ, ಅಂಗಳ ಬಂದ್ ಎಂದು ಪಂಚಾಯಿತಿ ಕಚೇರಿಯಿಂದ ಎಚ್ಚರಿಕೆ ಬಂತು.

ಕಷ್ಟವಿದ್ದದ್ದು ಕೆಂಚನದು. ಕಾರಿನ ನಾಯಿಗಳಿಗೆ ಯಜಮಾನರಿದ್ದರು, ಕೆಂಚನಿಗೆ ಇರಲಿಲ್ಲ. ಬೆಳಗ್ಗೆ ಹೊಸನಗರದ ಬಸ್ಸು ಬಂದ ಹೊತ್ತಿಗೆ ಬಾಲ ಅಲ್ಲಾಡಿಸುತ್ತ ಹಾಜರು. ಸಂಜೆ ಬಜ್ಜಿಯ ಗಲಾಟೆ ಮುಗಿಸಿ ನೋಡಿದರೆ ನಾಪತ್ತೆ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲೋ ಬಿದ್ದುಕೊಂಡಿರುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಬೀದಿನಾಯಿಯಾದರೂ ಮೈ ಮಿರಿಮಿರಿ ಮಿಂಚುತ್ತಿತ್ತು. ಅದು ತನ್ನ ತುಪ್ಪದ ದೋಸೆಯ ಮಹಿಮೆಯೆಂದು ಬಿಂದುಶ್ರೀ ನಂಬಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಮೊದಲ ಸಲ ನಕ್ಕದ್ದು ಈ ನಾಯಿ ಸಾಂಬಾರಿನ ಬಕೆಟ್ಟಿಗೆ ಮೂತಿ ಇಟ್ಟು ಸೀನಿದ ದಿನ. ಅದು ವ್ಯಾನು ಹತ್ತುವುದನ್ನು ನೆನೆದರೇ ಅವಳು ಕಾವಲಿಯ ಮೇಲಿನ ದೋಸೆ ಬಿಟ್ಟು ರಸ್ತೆಗೆ ಬಂದು ನೋಡುತ್ತಿದ್ದಳು.

ಹೊಸಬರು ಪ್ಯಾಂಟು ಹಾಕಿಕೊಂಡು ಬಂದರೆ ಊರು ಎದ್ದೇಳುವಂತೆ ಬೊಗಳುವ ಕೆಂಚ, ಇವತ್ತು ಈ ಅಧಿಕಾರಿಯ ಬೂಟಿನ ಮೇಲೇ ಗದ್ದ ಇಟ್ಟು ಮಲಗಿತ್ತು. ಕಟುಕನ ಮಡಿಲಲ್ಲೇ ಹೋಗಿ ಕೂತಿತಲ್ಲ ಎಂದು ಬಿಂದುಶ್ರೀ ಮನಸ್ಸಿನಲ್ಲೇ ಬೈದುಕೊಂಡಳು.

“ಈ ನಾಯಿ ಯಾರದ್ದು?” ಎಂದ ಆತ.

“ನಮ್ದೇ ಸರ್. ಮರಿ ಇದ್ದಾಗಿಂದ ಸಾಕಿದ್ದು.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಕೇಳದಿದ್ದರೂ ಅವಳೇ ಮುಂದುವರಿಸಿದಳು. “ಬೀದಿನಾಯಿ ಇಷ್ಟು ಚೆನ್ನಾಗಿರ್ತದಾ? ನೋಡಿ, ಮೈಮೇಲೆ ಒಂದು ಉಣ್ಣಿ ಇಲ್ಲ.”

“ಹೌದು. ಯಾರೋ ದಿನಾ ತಿಕ್ಕಿ ತೊಳೀತಾರೆ ಅಂತ ಕಾಣ್ತದೆ,” ಎಂದು ಆತ ಕೆಂಚನ ಕಿವಿ ಸವರಿದ. ರಾತ್ರಿ ಎಲ್ಲಿ ಮಲಗುತ್ತದೆ ಎಂದು ಕೇಳಿದ.

ಬಿಂದುಶ್ರೀ ಅಡಿಗೆಮನೆಯತ್ತ ನೋಡಿದಳು. ಅಡಿಗೆ ಮಾಡುವ ಮಾಸ್ತಮ್ಮ ಸೌಟು ಹಿಡಿದೇ ಹೊರಬಂದು, ತನ್ನ ಮನೆಯಲ್ಲಿ, ತನ್ನ ಮಂಚದ ಕೆಳಗೇ ಮಲಗುತ್ತದೆ ಎಂದು ಆಣೆ ಹಾಕಿದಳು. ಅಷ್ಟರಲ್ಲಿ ಆಚೆ ಮೇಜಿನಲ್ಲಿ ಬಜ್ಜಿ ತಿನ್ನುತ್ತಿದ್ದ ಅಡಿಕೆ ಮಂಡಿಯ ಸುಬ್ಬಯ್ಯ, ನಾಯಿಯ ವಿಚಾರ ಬಂತೆಂದಷ್ಟೇ ಕೇಳಿಸಿಕೊಂಡು ಎದ್ದು ಬಂದು, ಅದು ತನ್ನ ನಾಯಿ, ಇಂಜೆಕ್ಷನ್ ಹಾಕಿಸಿದ್ದೂ ತಾನೇ ಎಂದುಬಿಟ್ಟ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ. ಸುಳ್ಳೂ ಅಷ್ಟೇ, ನೆಟ್ಟಗೆ ನಿಲ್ಲುವುದಿಲ್ಲ.

ಆತ ಸಿಟ್ಟಾಗಲಿಲ್ಲ. ನಾಯಿ ಏನೇನು ತಿನ್ನುತ್ತದೆ ಎಂದು ಕೇಳಿದ. ಈ ಪ್ರಶ್ನೆಗೆ ಮಾತ್ರ ಯಾರೂ ಸುಳ್ಳು ಹೇಳಬೇಕಿರಲಿಲ್ಲ. ಬೆಳಗ್ಗೆ ತುಪ್ಪದ ದೋಸೆ ಎಂದಳು ಬಿಂದುಶ್ರೀ. ಮಧ್ಯಾಹ್ನ ಮೀನು ಸಾರಿನ ಅನ್ನ ತನ್ನ ಬುತ್ತಿಯಿಂದ ಎಂದಳು ಮಾಸ್ತಮ್ಮ. ಸುಬ್ಬಯ್ಯ ದಿನಾ ಬನ್ನು ಕೊಡಿಸುತ್ತಿದ್ದನಂತೆ, ಅದೂ ಜಟ್ಟಿಂಗಪ್ಪನ ಬೇಕರಿಯಿಂದ. ಕೇಳುತ್ತ ಕೇಳುತ್ತ ಆತನ ಮುಖ ಬಿಗಿಯಿತು.

“ಇಷ್ಟೂ ದಿನಾನಾ?”

“ದಿನಾ,” ಎಂದರು ಮೂವರೂ ಹೆಮ್ಮೆಯಿಂದ.

ಆತ ಹಣೆ ಚಚ್ಚಿಕೊಂಡ. ಕತೆ ಮುಗಿಯಿತು ಎನ್ನಿಸಿತು ಬಿಂದುಶ್ರೀಗೆ. ಆ ಕ್ಷಣಕ್ಕೆ ಅವಳಿಗೆ ಅಂಗಳವೂ ಬೇಡವಾಯಿತು, ಕಾರುಗಳೂ ಬೇಡವಾದವು. ಸ್ಟೂಲು ಎಳೆದು, ಹತ್ತಿ, ತಾನೇ ಆಸೆಪಟ್ಟು ಬರೆಸಿದ ಬೋರ್ಡನ್ನು ಮೊಳೆಯಿಂದ ಕಳಚಿ ಆತನ ಮುಂದಿಟ್ಟಳು.

“ಸುಳ್ಳು ಹೇಳ್ದೆ ಸರ್. ಯಾರ ನಾಯಿ ಅಂತ ನಂಗೊತ್ತಿಲ್ಲ. ಇವ್ರಿಗೂ ಗೊತ್ತಿಲ್ಲ. ಅಂಗಳ ಬೇಕಾದ್ರೆ ಇವತ್ತೇ ಮುಚ್ತೀನಿ. ಅದನ್ನ ಮಾತ್ರ ಹಿಡ್ಕೊಂಡು ಹೋಗ್ಬೇಡಿ.”

ಆತ ಬೋರ್ಡನ್ನು ನೋಡಿದ, ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೊಸನಗರಕ್ಕೆ ಮರಳುವ ಸಂಜೆಯ ಬಸ್ಸು ಹಾರನ್ ಹೊಡೆಯಿತು. ಕೆಂಚ ಎದ್ದು, ಮೈ ಮುರಿದು, ಯಾರಿಗೂ ಹೇಳದೆ ಕೇಳದೆ ರಸ್ತೆ ದಾಟಿತು. ಕಂಡಕ್ಟರ್ ಪೂರ್ಣೇಶ್ ಬಾಗಿಲಿನಿಂದ ಸರಿದು ದಾರಿ ಬಿಟ್ಟ. ಕೆಂಚ ಮೆಟ್ಟಿಲು ಹತ್ತಿ ಡ್ರೈವರ್ ಹಿಂದಿನ ಸೀಟಿನ ಕೆಳಗೆ ಮಲಗಿತು.

“ನಾನು ಹಿಡ್ಕೊಂಡು ಹೋಗೋದೆಂತ ಬಂತಮ್ಮ, ಅವನೇ ದಿನಾ ಈ ಬಸ್ಸಿಗೆ ನಮ್ಮನೆಗೆ ಬರ್ತಾನೆ,” ಎಂದು ಆತ ಬೋರ್ಡನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿ ಬಸ್ಸಿನತ್ತ ಓಡಿದ. “ಮನೇಲಿ ಅನ್ನ ಮೂಸಿನೂ ನೋಡಲ್ಲ, ಎಂತ ಕಾಯಿಲೆಯೋ ಅಂತ ನಮ್ಮಮ್ಮ ಚೌಡಿಗೆ ಹರಕೆ ಹೊತ್ಕೊಂಡು ಉಪವಾಸ ಕೂತಿದಾರೆ.”