ಶರಬತ್ತಿನ ಸೀಸೆ

“ಏಯ್, ಕುಡೀಬೇಡ! ಅದು ಕಲೆ ತೆಗೆಯೋ ನೀರು!”

ಲಾಂಡ್ರಿಯ ಯಜಮಾನ ಕೂಗಿದ ರಭಸಕ್ಕೆ, ಇಸ್ತ್ರಿ ಮಾಡುತ್ತಿದ್ದ ಹೆಂಗಸು ಬಾಯಿಯವರೆಗೆ ಹೋಗಿದ್ದ ಬಾಟಲಿಯನ್ನು ಬೆಂಕಿ ಮುಟ್ಟಿದವಳಂತೆ ಕೆಳಗಿಟ್ಟಳು. ಕುಡಿಯುವ ನೀರಿನ ಬಾಟಲಿಗೆ ಅದನ್ನು ತುಂಬಿಟ್ಟ ಪುಣ್ಯಾತ್ಗಿತ್ತಿ ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ಕಲೆಯಕ್ಕನ ಕಡೆ ತಿರುಗಿತು. ಎಂಥ ಹಠಮಾರಿ ಕಲೆಯನ್ನೂ ಬಟ್ಟೆಯಿಂದ ಬಿಡಿಸುತ್ತಾಳೆಂದು ಅವಳಿಗೆ ಆ ಹೆಸರು. ದೊಡ್ಡ ಡಬ್ಬಿಯಲ್ಲಿ ಬಂದದ್ದನ್ನೆಲ್ಲ ಕೈಗೆ ಸಿಕ್ಕ ಬಾಟಲಿಗೆ ಬಗ್ಗಿಸಿಟ್ಟುಕೊಳ್ಳುವುದು ಅವಳ ಹಳೆಯ ಚಾಳಿ.

“ಅಯ್ಯೋ, ಕುಡಿದಿದ್ರೆ ನಿನ್ನ ಹೊಟ್ಟೆಯೊಳಗಿನ ಕೊಳೆಯೆಲ್ಲ ಹೋಗ್ತಿತ್ತು ಬಿಡೇ,” ಎಂದು ನಗಲು ಹೊರಟ ಕಲೆಯಕ್ಕನಿಗೆ ತಟ್ಟನೆ ನೆನಪಾಯಿತು. ಮನೆ. ಮೇಜಿನ ಪಾಲಿಶ್.

ನಿನ್ನೆ ತಂದ ಡಬ್ಬಿಯ ಮುಚ್ಚಳ ಒಡೆದಿತ್ತೆಂದು ಅದನ್ನು ಖಾಲಿಯಾಗಿದ್ದ ಶರಬತ್ತಿನ ಸೀಸೆಗೆ ಬಗ್ಗಿಸಿದ್ದಳು. ಬಣ್ಣವೂ ಶರಬತ್ತಿನದೇ, ವಾಸನೆಯೂ ನಿಂಬೆಹಣ್ಣಿನದೇ. ಮರ ಒರೆಸುವುದಕ್ಕೂ ನಿಂಬೆಯ ಘಮವೇ ಬೇಕಿತ್ತೇ ಇವರಿಗೆ! ಬೆಳಿಗ್ಗೆ ಊಟದ ಮೇಜು ಒರೆಸೋಣವೆಂದು ಹೊರಗಿಟ್ಟಿದ್ದಳು. ಅಷ್ಟರಲ್ಲಿ ಜಗಳ. ಅತ್ತೆ ಮತ್ತೆ ಬಿಸಿ ಪಾತ್ರೆಯನ್ನು ಮೇಜಿನ ಮೇಲೆ ಹಾಗೇ ಇಟ್ಟು ಬಿಳಿ ಉಂಗುರ ಎಬ್ಬಿಸಿದ್ದರು. “ನೀವು ಕೈಯಿಟ್ಟಲ್ಲೆಲ್ಲ ಕಲೆ! ಊರವರ ಕಲೆ ತೆಗೆದು ಬಂದು ನಿಮ್ಮದನ್ನೂ ತೆಗೀಬೇಕು ನಾನು. ಸುಮ್ನೆ ಒಂದು ಕಡೆ ಕೂತಿರಿ. ಬಾಯಾರಿದ್ರೆ ಶರಬತ್ತು ಮಾಡಿಟ್ಟಿದೀನಿ, ಕುಡೀರಿ!” ಎಂದು ಬಾಗಿಲನ್ನು ದಡಾರನೆ ಎಳೆದುಕೊಂಡು ಬಂದಿದ್ದಳು. ಶರಬತ್ತು ಇದ್ದದ್ದು ಫ್ರಿಜ್ಜಿನಲ್ಲಿ. ಮೇಜಿನ ಮೇಲೆ, ಅತ್ತೆಯ ಲೋಟದ ಪಕ್ಕದಲ್ಲಿ ಇದ್ದದ್ದು ಪಾಲಿಶ್.

ಅತ್ತೆಗೆ ಫೋನ್ ಮಾಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಗಂಡ ಲಾರಿ ಓಡಿಸಿಕೊಂಡು ಎಲ್ಲೋ ದೂರದ ಹೆದ್ದಾರಿಯಲ್ಲಿದ್ದ. ಪಕ್ಕದ ಮನೆಗೆ ಬೀಗ. ಯಜಮಾನನಿಗೆ ಏನು ಹೇಳಿದಳೋ ಅವಳಿಗೇ ಗೊತ್ತಿಲ್ಲ, ಕೈಯ ಸೋಪಿನ ನೊರೆ ಕೂಡ ತೊಳೆಯದೆ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಪ್ರತಿ ಸ್ಟಾಪಿನಲ್ಲೂ ಫೋನ್ ಮಾಡಿದಳು, ಎತ್ತುವವರಿಲ್ಲ. ಪಾಪದ ಮುದುಕಿ, ಗುಟುಕು ಗುಟುಕಾಗಿ ಕುಡಿಯುವ ಅಭ್ಯಾಸ, ಮೊದಲ ಗುಟುಕಿಗೇ ಗೊತ್ತಾಗಿರುತ್ತದೆ ಎಂದು ಸಮಾಧಾನ ಮಾಡಿಕೊಂಡಳು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಬೆಳಗಿನ ಜಗಳ ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳಿಸಿದೆ. ಬೇಕೆಂದೇ ಇಟ್ಟಳು ಅನ್ನುತ್ತಾರೆ. ಇಂಥ ಹೊತ್ತಿನಲ್ಲೂ ತನ್ನ ಮಾನದ ಚಿಂತೆ ಬಂತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬಾಗಿಲು ತೆರೆದರೆ ಅತ್ತೆ ಮೇಜು ಒರೆಸುತ್ತಿದ್ದರು. ಹಳೆಯ ಬನಿಯನ್ನಿನ ತುಂಡು ಕೈಯಲ್ಲಿತ್ತು, ಸೀಸೆ ಅರ್ಧಕ್ಕೆ ಬಂದಿತ್ತು. ಅರ್ಧ ಮೇಜು ಹೊಸದರಂತೆ ಹೊಳೆಯುತ್ತಿತ್ತು.

“ಕುಡಿದ್ರಾ? ಅತ್ತೆ, ಅದನ್ನ ಕುಡಿದ್ರಾ?”

“ಲೋಟಕ್ಕೆ ಬಗ್ಗಿಸಿದೆ. ಒಂದು ಹನಿ ಮೇಜಿನ ಮೇಲೆ ಬಿತ್ತು. ಮತ್ತೆ ಬೈಸ್ಕೋಬೇಕಲ್ಲಪ್ಪಾ ಅಂತ ಒರೆಸಿದೆ ನೋಡು, ಅಷ್ಟಗಲ ಫಳಫಳ ಅಂತು. ಶರಬತ್ತಿಗೆ ಮರ ಹೊಳೆಯುತ್ತೇನೇ?”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಭಯ ಇಳಿದ ಜಾಗಕ್ಕೆ ಸಿಟ್ಟು ಏರಿತು. “ಮತ್ತೆ ಫೋನ್ ಯಾಕೆ ಎತ್ತಲಿಲ್ಲ? ಎಷ್ಟು ಸಲ ಮಾಡಿದೆ! ನನ್ನ ಜೀವ ಬಾಯಿಗೆ ಬಂದಿತ್ತು.”

ಅತ್ತೆ ಒರೆಸುವುದನ್ನು ನಿಲ್ಲಿಸಲಿಲ್ಲ. “ಮರೆತು ಇಟ್ಟಳೋ, ಬೇಕು ಅಂತ ಇಟ್ಟಳೋ, ನನಗೆ ಹೇಗೆ ಗೊತ್ತಾಗಬೇಕು? ಫೋನಿನಲ್ಲಿ ಕೇಳಿದ್ರೆ ಮರೆತೆ ಅಂತಲೇ ಹೇಳ್ತಿದ್ದೆ ನೀನು. ಅದಕ್ಕೇ ಎತ್ತಲಿಲ್ಲ. ಓಡಿ ಬರ್ತಾಳಾ ನೋಡೋಣ ಅಂತ ಕೂತೆ. ಸುಮ್ನೆ ಕೂರೋಕಾಗ್ಲಿಲ್ಲ, ಒರೆಸ್ತಾ ಇದ್ದೆ.”

“ಅತ್ತೆ!”

“ಬಂದ್ಯಲ್ಲ, ಬಿಡು. ಆ ಉಂಗುರ ಮಾತ್ರ ಎಷ್ಟು ಉಜ್ಜಿದ್ರೂ ಹೋಗಲಿಲ್ಲ ನೋಡು.”

ಅವಳ ಕಣ್ಣು ತುಂಬಿ ಬಂತು. ಅದು ಸಂತೋಷಕ್ಕೋ ಅವಮಾನಕ್ಕೋ ತಿಳಿಯಲಿಲ್ಲ.

“ಬೆವೆತು ಹೋಗಿದೀಯ,” ಎಂದು ಅತ್ತೆ ಕೈ ತೊಳೆದುಕೊಂಡು ಒಳಗೆ ಹೋದರು. ಅಡುಗೆಮನೆಯಲ್ಲಿ ಫ್ರಿಜ್ಜು ತೆರೆದ ಸದ್ದಾಯಿತು, ಲೋಟಕ್ಕೆ ಏನೋ ಬಗ್ಗಿಸಿದ ಸದ್ದಾಯಿತು. ಬಂದು ಅವಳ ಮುಂದೆ ಹಿಡಿದರು. “ನೀನೇ ಮಾಡಿಟ್ಟಿದ್ದು. ಕುಡಿ.”

ಅವಳು ಲೋಟ ಎತ್ತಿದಳು. ಅದು ತುಟಿಗೆ ತಾಗುವ ಮೊದಲು, ಅವಳಿಗೇ ಅರಿವಿಲ್ಲದೆ, ಮೂಗಿನ ಹತ್ತಿರ ಒಂದು ಗಳಿಗೆ ನಿಂತಿತು.

ಅತ್ತೆ ಅದನ್ನು ನೋಡಿದರು.